ಹನ್ನೊಂದನೇ ಬಿಲ್ಲೆ

ಹಲಗೆಯಲ್ಲಿ ಹನ್ನೊಂದನೇ ಮೊಳೆ ಖಾಲಿ ಇತ್ತು.

ಮಧ್ಯಾಹ್ನ ಒಂದು ಗಂಟೆ ಐದು ನಿಮಿಷ. ತೋಟದ ಗೇಟಿನ ಮುಂದೆ ನನ್ನ ಮಿನಿಬಸ್ಸು ಗುರುಗುಟ್ಟುತ್ತ ನಿಂತಿತ್ತು. ಹದಿಮೂರು ಹಿರಿಯರು ಹತ್ತಿ ಕುಳಿತಿದ್ದರು. ಹದಿಮೂರು ಬಿಲ್ಲೆಗಳು ಬಾಗಿಲ ಪಕ್ಕದ ಹಲಗೆಗೆ ಮರಳಿದ್ದವು. ಬರಬೇಕಾದವರು ಟೀಚರಮ್ಮ ಒಬ್ಬರೇ.

ಮೊದಲು ನನಗೆ ಬಂದದ್ದು ಸಿಟ್ಟು. ಸುಳ್ಳು ಯಾಕೆ ಹೇಳಲಿ? ಮೂವತ್ತೊಂದು ವರ್ಷದಿಂದ ಈ ದ್ವೀಪದಲ್ಲಿ ವಯಸ್ಸಾದವರನ್ನು ಸುತ್ತಿಸುತ್ತಿದ್ದೇನೆ. ಬೆಳಿಗ್ಗೆ ಲಾಂಚಿನಿಂದ ಇಳಿಸಿಕೊಂಡು ಬಂಡೆಯ ತುದಿಯ ವ್ಯೂಪಾಯಿಂಟ್, ಅಲ್ಲಿಂದ ತೋಟ, ಆಮೇಲೆ ಊಟ, ದೀಪಸ್ತಂಭ, ನಾಲ್ಕು ಗಂಟೆಯ ಲಾಂಚಿಗೆ ವಾಪಸ್. ನಿಧಾನವಾಗಿ ಹೋಗುವುದೇ ನನ್ನ ಕಸುಬು. ಆದರೂ ಪ್ರತಿ ಬಸ್ಸಿನಲ್ಲೂ ಒಬ್ಬರು ಸಿಕ್ಕೇ ಸಿಗುತ್ತಾರೆ, ಗಡಿಯಾರ ಇರುವುದು ಬೇರೆಯವರಿಗೆ ಎಂದುಕೊಂಡವರು.

ಆದರೆ ಟೀಚರಮ್ಮ ಅಂಥವರಲ್ಲ. ವಯಸ್ಸು ಎಂಬತ್ತೊಂದು, ಒಂಟಿಯಾಗಿ ಬಂದವರು. ನೆಟ್ಟಗಿನ ಬೆನ್ನು, ಅದಕ್ಕಿಂತ ನೆಟ್ಟಗಿನ ಮಾತು. ಬೆಳಿಗ್ಗೆ ಬಸ್ಸು ಐದು ನಿಮಿಷ ತಡವಾಗಿ ಹೊರಟಿದ್ದಕ್ಕೆ ನನ್ನನ್ನು ನಿಲ್ಲಿಸಿ ಬೈದಿದ್ದರು. ಅಂಥವರು ತಡಮಾಡುತ್ತಾರೆಯೇ? ಅದು ತಲೆಗೆ ಹೊಳೆದದ್ದೇ ತಡ, ಸಿಟ್ಟು ಇಳಿದು ಎದೆ ಧಸಕ್ಕೆಂದಿತು.

ಬಿಲ್ಲೆಯ ವಿಷಯ ಹೇಳಿಬಿಡುತ್ತೇನೆ. ಪ್ರತಿಯೊಬ್ಬರಿಗೂ ದಾರ ಹಾಕಿದ ಒಂದು ಹಿತ್ತಾಳೆ ಬಿಲ್ಲೆ. ಇಳಿಯುವಾಗ ಹಲಗೆಯಿಂದ ತೆಗೆದು ಕೊರಳಿಗೆ ಹಾಕಿಕೊಳ್ಳಬೇಕು. ಹತ್ತುವಾಗ ಮತ್ತೆ ಅದೇ ಮೊಳೆಗೆ ತೂಗುಹಾಕಬೇಕು. ಕೈ ನಡುಗುವವರ ಬಿಲ್ಲೆಯನ್ನು ಬಾಗಿಲ ಬಳಿ ನಿಲ್ಲುವ ನಮ್ಮ ಬಸ್ಸಿನ ಡಾಕ್ಟ್ರೇ ಹಾಕಿಕೊಡುತ್ತಾರೆ. ಹಲಗೆ ತುಂಬಿತೋ, ನಾನು ಗೇರ್ ಹಾಕುತ್ತೇನೆ. ತಲೆ ಎಣಿಸುವ ಪದ್ಧತಿ ನಮ್ಮಲ್ಲಿಲ್ಲ. ಹಿರಿಯರನ್ನು ಬೆರಳು ತೋರಿಸಿ ಕುರಿಗಳ ಹಾಗೆ ಎಣಿಸಿದರೆ ಅವರಿಗೆ ಬೇಸರ. ಈ ನಿಯಮ ಮಾಡಿದವನು ನಾನು. ಮೂರು ವರ್ಷದ ಹಿಂದೆ ಗೈಡ್ ಕೆಲಸಕ್ಕೆ ಬಂದ ನನ್ನ ಮಗಳಿಗೆ ಕಲಿಸಿದವನೂ ನಾನೇ.

ಮಗಳು ಆಗಲೇ ತೋಟದೊಳಗೆ ಓಡಿದ್ದಳು. ಮಾಲಿಗಳು ನಾಲ್ಕು ದಿಕ್ಕಿಗೂ ಹೋದರು. ಗಾಜಿನ ಮನೆ, ಗುಲಾಬಿ ಪಾತಿ, ಶೌಚಾಲಯ, ಬಿದಿರು ಮೆಳೆ ಎಲ್ಲವನ್ನೂ ಜಾಲಾಡಿದರು. ಟೀಚರಮ್ಮ ಎಲ್ಲೂ ಇಲ್ಲ.

ಒಂದೂ ಕಾಲಿಗೆ ಒಬ್ಬ ಮಾಲಿ ತಾವರೆ ಕೊಳದ ಕಡೆಯಿಂದ ಕೂಗಿದ. ಅವನ ಕೈಯಲ್ಲಿ ಹನ್ನೊಂದನೇ ಬಿಲ್ಲೆ ಇತ್ತು. ಕೊಳದ ಅಂಚಿನ ಜೊಂಡಿನಲ್ಲಿ ಸಿಕ್ಕಿಹಾಕಿಕೊಂಡಿತ್ತಂತೆ.

ಮಗಳು ಅದನ್ನು ನೋಡಿ ಅಲ್ಲೇ ಕುಸಿದು ಕುಳಿತಳು. ನಾನು ಪೊಲೀಸ್ ಠಾಣೆಗೆ ಫೋನ್ ಮಾಡಿದೆ.

* * *

ದ್ವೀಪಕ್ಕೆ ಇರುವುದು ಒಬ್ಬರೇ ಇನ್ಸ್‌ಪೆಕ್ಟರ್. ನಲವತ್ತೈದರ ಹೆಂಗಸು. ಎಲ್ಲರೂ ಮೇಡಂ ಅನ್ನುತ್ತೇವೆ. ಮಾತು ಕಡಿಮೆ, ಕೂರುವುದು ಇನ್ನೂ ಕಡಿಮೆ. ಜೀಪಿನಿಂದ ಇಳಿದವರೇ ಬಿಲ್ಲೆಯನ್ನು ಕೈಗೆ ತೆಗೆದುಕೊಂಡು ದಾರವನ್ನು ಬೆರಳಲ್ಲಿ ಜಾರಿಸಿ ನೋಡಿದರು. ಕೊಳಕ್ಕೆ ಇಬ್ಬರನ್ನು ಇಳಿಸಿದರು. ಆಮೇಲೆ ಬಸ್ಸು ಹತ್ತಿ ಹಿರಿಯರನ್ನು ಒಬ್ಬೊಬ್ಬರಾಗಿ ಕೇಳಿದರು, ಟೀಚರಮ್ಮನನ್ನು ಕೊನೆಯ ಸಲ ನೋಡಿದ್ದು ಎಲ್ಲಿ ಅಂತ.

ಎಲ್ಲರೂ ನೋಡಿದ್ದರು. ಗುಲಾಬಿಗಳ ಹತ್ತಿರ, ಅಂದರು ಒಬ್ಬರು. ಗಾಜಿನ ಮನೆಯ ಬಾಗಿಲಲ್ಲಿ, ಅಂದರು ಇನ್ನೊಬ್ಬರು. ಕೊಳದ ಬೆಂಚಿನ ಮೇಲೆ ಬೆನ್ನು ಮಾಡಿ ಕುಳಿತಿದ್ದರು ಅಂತ ಒಬ್ಬ ಅಜ್ಜಿ ಆಣೆ ಮಾಡಿದರು. ಮುಖ ನೋಡಿದಿರಾ ಎಂದು ಮೇಡಂ ಕೇಳಿದರು. ಮುಖ ಯಾಕೆ, ಹಳದಿ ಟೋಪಿ ಕಾಣಲಿಲ್ಲವೇ ಎಂದರು ಅಜ್ಜಿ. ಮೇಡಂ ಬಸ್ಸಿನ ಉದ್ದಕ್ಕೂ ಕಣ್ಣಾಡಿಸಿದರು. ಹದಿಮೂರು ತಲೆ, ಹದಿಮೂರು ಹಳದಿ ಟೋಪಿ. ದೂರದಿಂದ ಗುರುತು ಸಿಗಲಿ ಅಂತ ಕಂಪನಿಯೇ ಕೊಡುವ ಟೋಪಿಗಳವು.

ಬಸ್ಸಿನಲ್ಲಿ ಪಕ್ಕ ಕೂತಿದ್ದವರು ಯಾರು ಅಂದರೆ ಯಾರಿಗೂ ಗೊತ್ತಿಲ್ಲ. ಅದಕ್ಕೂ ನಮ್ಮ ಪದ್ಧತಿಯೇ ಕಾರಣ. ಎಲ್ಲರಿಗೂ ಸಮುದ್ರ ಕಾಣಲಿ ಅಂತ ಪ್ರತಿ ಸಲ ಹತ್ತಿದಾಗಲೂ ಎರಡೆರಡು ಸೀಟು ಮುಂದಕ್ಕೆ ಜರುಗಿಸುತ್ತೇವೆ. ಹದಿನೆಂಟು ಸೀಟಿಗೆ ಹದಿನಾಲ್ಕು ಜನ. ಪಕ್ಕದ ಸೀಟು ಖಾಲಿಯಿದ್ದರೆ, ಪಾಪ, ಹಿಂದೆಲ್ಲೋ ಕೂತಿರಬೇಕು ಅಂದುಕೊಳ್ಳುತ್ತಾರೆ.

ಆಮೇಲೆ ಬೆಳಗಿನ ಜಗಳದ ಸುದ್ದಿ ಹೊರಗೆ ಬಂತು. ಬರದೆ ಇರುತ್ತದೆಯೇ? ಟೀಚರಮ್ಮನಿಗೂ ನನ್ನ ಮಗಳಿಗೂ ದೋಣಿಕಟ್ಟೆಯಲ್ಲಿ ಎಲ್ಲರ ಮುಂದೆ ಮಾತಿಗೆ ಮಾತು ಬೆಳೆದಿತ್ತು. ಟೋಪಿ ಬಿಗಿ ಅಂದರು, ನೀರು ಬಿಸಿ ಅಂದರು, ಬಿ.ಪಿ. ನೋಡಲು ಕೈ ಕೊಡುವುದಿಲ್ಲ ಅಂದರು. ಕೊನೆಗೆ ನಿಮ್ಮ ಆಫೀಸಿಗೆ ಈಗಲೇ ಫೋನ್ ಹಚ್ಚಿ ಕೊಡು ಅಂತ ಹಟ ಹಿಡಿದರು. ಇಲ್ಲಿ ಸಿಗ್ನಲ್ ಸಿಗಲ್ಲ ಎಂದರೆ ಕೇಳಲಿಲ್ಲ. ನನ್ನ ಮಗಳಿಗೆ ಮೂಗಿನ ತುದಿಯಲ್ಲೇ ಕೋಪ. ಅದು ಅವಳಮ್ಮನ ಬಳುವಳಿ ಅಂತ ನಾನು ಹೇಳುತ್ತೇನೆ, ಊರವರು ಬೇರೆಯೇ ಹೇಳುತ್ತಾರೆ. "ಇಷ್ಟು ಕಷ್ಟ ಇದ್ರೆ ಮನೇಲೇ ಇರ್ಬೇಕಿತ್ತು" ಅಂದುಬಿಟ್ಟಿದ್ದಳು.

ಅದೇ ಮಾತನ್ನು ಈಗ ನಾಲ್ಕು ಜನ ನಾಲ್ಕು ರೀತಿಯಲ್ಲಿ ಮೇಡಂಗೆ ಒಪ್ಪಿಸಿದರು. ಮೇಡಂ ಮಗಳನ್ನು ಕೆಳಗೆ ಕರೆದರು. ನಾನೂ ಹಿಂದೆ ಹೋದೆ.

"ಹೇಳಮ್ಮ. ಈ ತೋಟದಲ್ಲಿ ಇಳಿದಾಗ ಜನ ಎಣಿಸಿದ್ಯಾ?"

ಮಗಳು ನನ್ನ ಮುಖ ನೋಡಿದಳು. "ಎಣಿಸಿದೆ ಮೇಡಂ. ಹದಿನಾಲ್ಕು ಜನ ಇದ್ರು. ಹಾಳೆಯಲ್ಲಿ ಸಹಿ ಮಾಡಿದೀನಿ."

ನಾನು ನೆಲ ನೋಡಿದೆ.

ಮೇಡಂ ಗಡಿಯಾರ ನೋಡಿದರು. ಒಂದೂ ಮುಕ್ಕಾಲು. ಜೀಪನ್ನು ದೋಣಿಕಟ್ಟೆಗೆ ಕಳಿಸಿ, ತಾವು ಹೇಳುವವರೆಗೆ ನಾಲ್ಕು ಗಂಟೆಯ ಲಾಂಚ್ ಬಿಡಬಾರದು ಅಂತ ಹೇಳಿಸಿದರು. ನನ್ನನ್ನು ಪಕ್ಕಕ್ಕೆ ಕರೆದು ಮೆತ್ತಗೆ ಅಂದರು, ಕೊಳದಲ್ಲಿ ಹೆಣ ಸಿಕ್ಕರೆ, ಬೇರೆ ದಾರಿ ಕಾಣದಿದ್ದರೆ, ಅದೇ ಲಾಂಚಿನಲ್ಲಿ ನನ್ನ ಮಗಳನ್ನು ಆಚೆ ದಡದ ದೊಡ್ಡ ಠಾಣೆಗೆ ಕರೆದುಕೊಂಡು ಹೋಗಬೇಕಾಗುತ್ತದೆ. ಕಾವಲಲ್ಲಿದ್ದವರನ್ನು ಕಳೆದದ್ದು ಒಂದು ತಪ್ಪು, ಜಗಳ ಆಡಿದ ಮೇಲೆ ಕಳೆದದ್ದು ಇನ್ನೊಂದು.



* * *

ಅಷ್ಟರಲ್ಲಿ ಒಬ್ಬ ಮಾಲಿ ಬಂದು ಇನ್ನೊಂದು ವಿಷಯ ಹೇಳಿದ. ಹನ್ನೆರಡೂವರೆಗೆ ಒಬ್ಬ ತಾತ ಕೊಳದ ಹಿಂದಿನ ಪೊದೆಯಿಂದ ಕೈ ಒರೆಸಿಕೊಳ್ಳುತ್ತ ಹೊರಬಂದದ್ದನ್ನು ಅವನು ನೋಡಿದ್ದನಂತೆ. ಕೊರಳಲ್ಲಿ ಕ್ಯಾಮೆರಾ ಇತ್ತಂತೆ.

ಕ್ಯಾಮೆರಾ ತಾತ ಮೇಡಂಗೆ ಹೇಳಿದ್ದು ಬೇರೆ. ಪೂರಾ ಹೊತ್ತು ಹೆಂಡತಿ ಜೊತೆ ಗುಲಾಬಿ ನೋಡುತ್ತಿದ್ದೆ ಅಂದಿದ್ದರು. ಬೆಳಿಗ್ಗೆ ಕಿಟಕಿ ಸೀಟಿಗಾಗಿ ಟೀಚರಮ್ಮನ ಜೊತೆ ಅವರೂ ವಾಗ್ವಾದ ಮಾಡಿದ್ದರು. ನನಗೆ ನಾಚಿಕೆಯಿಲ್ಲ, ಹೇಳಿಬಿಡುತ್ತೇನೆ, ಆ ಗಳಿಗೆ ನನಗೆ ಸಂತೋಷವೇ ಆಯಿತು. ನನ್ನ ಮಗಳು ಅಲ್ಲದಿದ್ದರೆ ಯಾರಾದರೂ ಆಗಲಿ.

ಮೇಡಂ ತಾತನನ್ನು ಪೊದೆಯ ಹತ್ತಿರಕ್ಕೇ ಕರೆದೊಯ್ದರು. ತಾತ ಬೆವರಿದರು, ತೊದಲಿದರು, ದೂರದಲ್ಲಿ ನಿಂತ ಹೆಂಡತಿಯ ಕಡೆ ಕಳ್ಳನೋಟ ಬೀರಿದರು. ಮೇಡಂ ಬಗ್ಗಿ ಪೊದೆಯ ಬುಡದಿಂದ ಎರಡು ಸಿಗರೇಟು ತುಂಡು ಎತ್ತಿದರು.

"ಬಿಟ್ಟು ಹತ್ತು ವರ್ಷ ಆಯ್ತು ಅಂತ ಅವಳು ನಂಬಿದಾಳೆ" ಅಂದರು ತಾತ.

ಹೆಂಡತಿಗೆ ಇದನ್ನು ಹೇಳುವುದಿಲ್ಲ, ಆದರೆ ಕ್ಯಾಮೆರಾ ಬೇಕು ಅಂದರು ಮೇಡಂ. ತಾತ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ತೋಟದ ಗೇಟಿನಲ್ಲಿ ಇಳಿದ ಕೂಡಲೇ ಎಲ್ಲರನ್ನೂ ನಿಲ್ಲಿಸಿ ತೆಗೆದ ಒಂದು ಫೋಟೋ ಅದರಲ್ಲಿತ್ತು. ಹನ್ನೊಂದು ಮೂವತ್ನಾಲ್ಕರದು. ಮೇಡಂ ಬೆರಳಿಟ್ಟು ಎಣಿಸಿದರು. ಹನ್ನೆರಡು ಟೋಪಿ. ತೆಗೆದ ತಾತ ಹದಿಮೂರು. ಹದಿನಾಲ್ಕನೆಯವರು ಅದರಲ್ಲಿರಲಿಲ್ಲ.

ಮೇಡಂ ತಲೆ ಎತ್ತಿ ನನ್ನ ಮಗಳನ್ನು ನೋಡಿದರು.

ಆಗ ಡಾಕ್ಟ್ರು ಮುಂದೆ ಬಂದರು. ಹಿರಿಯರ ಪ್ರವಾಸ ಅಂತ ಕಂಪನಿಯವರು ಪ್ರತಿ ಬಸ್ಸಿಗೂ ಒಬ್ಬ ಡಾಕ್ಟರನ್ನು ಕಳಿಸುತ್ತಾರೆ. ಇವರು ಎರಡು ವರ್ಷದಿಂದ ನನ್ನ ಬಸ್ಸಿನಲ್ಲಿದ್ದವರು. ಅರವತ್ತರ ಹತ್ತಿರದ ವಯಸ್ಸು, ಮೃದು ದನಿ. ಎಲ್ಲರ ಮಂಡಿನೋವಿನ ಕಥೆಯನ್ನೂ ತಲೆದೂಗಿ ಕೇಳುವವರು. ಬೆಳಿಗ್ಗೆ ಒಮ್ಮೆ, ತೋಟದ ಗೇಟಿನ ಕಲ್ಲುಬೆಂಚಿನಲ್ಲಿ ಇನ್ನೊಮ್ಮೆ ಎಲ್ಲರ ಬಿ.ಪಿ. ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದರು.

"ಟೀಚರಮ್ಮ ಫೋಟೋಗೆ ನಿಲ್ಲಲ್ಲ ಅಂದ್ರು ಮೇಡಂ. ಅವರ ಸ್ವಭಾವ ಗೊತ್ತಲ್ಲ. ಈ ಮಗು ಸರಿಯಾಗೇ ಎಣಿಸಿದೆ. ಟೀಚರಮ್ಮ ಇಲ್ಲಿ ಇಳಿದಿದಾರೆ. ನಾನೇ ಬಿ.ಪಿ. ನೋಡಿದೀನಿ."

ಪುಸ್ತಕ ಬಿಡಿಸಿ ತೋರಿಸಿದರು. ಬೆಳಿಗ್ಗೆಯ ಪುಟದಲ್ಲಿ ಹನ್ನೊಂದರ ಮುಂದೆ 'ಬೇಡ ಎಂದರು'. ತೋಟದ ಪುಟದಲ್ಲಿ ನೂರ ನಲವತ್ತು ಬೈ ಎಂಬತ್ತಾರು, ಎಡಗೈ. ಹೊತ್ತು ಹನ್ನೊಂದು ನಲವತ್ತು.

ನನಗೆ ಡಾಕ್ಟರ ಕಾಲಿಗೆ ಬೀಳಬೇಕು ಅನ್ನಿಸಿತು. ಬಿದ್ದೂಬಿಡುತ್ತಿದ್ದೆ, ಅವರೇ ಭುಜ ಹಿಡಿದು ತಡೆದರು. ಮಗಳ ಕಣ್ಣಲ್ಲಿ ನೀರು ತುಂಬಿತು. ಮೇಡಂ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಕೊಳದ ಕಡೆ ನಡೆದರು.

* * *

ಎರಡೂ ಕಾಲಾಯಿತು. ಕೊಳದಲ್ಲಿ ಕೆಸರು ಬಿಟ್ಟು ಬೇರೇನೂ ಸಿಗಲಿಲ್ಲ.

ನಾನು ಬಸ್ಸಿನ ಮೆಟ್ಟಿಲ ಮೇಲೆ ಕುಳಿತೆ. ಮಗಳು ಬಂದು ಪಕ್ಕದಲ್ಲಿ ಕುಳಿತಳು. ಚಿಕ್ಕವಳಿದ್ದಾಗ ಕೂರುತ್ತಿದ್ದಂತೆ ಮಂಡಿಯನ್ನು ತಬ್ಬಿಕೊಂಡಿದ್ದಳು.

ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಇವಳು ಎಣಿಸಿಲ್ಲ. ಎಣಿಸುವುದಿಲ್ಲ ಅಂತ ನನಗೆ ಗೊತ್ತು. ಎಣಿಸಬೇಡ ಅಂದವನೇ ನಾನು. ಹೆದರಿ ಒಂದು ಸುಳ್ಳು ಹೇಳಿದ್ದಾಳೆ. ಆ ಸುಳ್ಳನ್ನು ನಂಬಿ ಇಪ್ಪತ್ತು ಜನ ಈ ತೋಟವನ್ನೇ ಅಗೆಯುತ್ತಿದ್ದಾರೆ. ಮುದುಕಿ ಇಲ್ಲಿ ಇಲ್ಲದಿದ್ದರೆ? ಬೇರೆಲ್ಲೋ ಬಿದ್ದು ನರಳುತ್ತಿದ್ದರೆ?

ಸತ್ಯ ಹೇಳಿದರೆ ಮಗಳು ಪೊಲೀಸರಿಗೆ ಸುಳ್ಳು ಹೇಳಿದಂತಾಯಿತು, ಸುಳ್ಳು ಸಹಿ ಹಾಕಿದಂತಾಯಿತು. ಗಾಯದ ಮೇಲೆ ಬರೆ. ಹೇಳದಿದ್ದರೆ ಆ ಟೀಚರಮ್ಮ. ಅವರೂ ಯಾರದೋ ತಾಯಿಯೋ ಅಕ್ಕನೋ. ಎರಡು ಸಲ ಎದ್ದೆ, ಎರಡು ಸಲ ಕೂತೆ. ಮೂರನೇ ಸಲ ಎದ್ದವನು ನೇರ ಮೇಡಂ ಹತ್ತಿರ ಹೋದೆ.

"ಮೇಡಂ, ನನ್ನ ಮಗಳು ಎಣಿಸಿಲ್ಲ. ಹಲಗೆ ನೋಡಿ ಸಹಿ ಹಾಕಿದಾಳೆ. ಅದು ನನ್ನ ಪದ್ಧತಿ. ಇಲ್ಲಿ ಮಾತ್ರ ಅಲ್ಲ, ವ್ಯೂಪಾಯಿಂಟ್‌ನಲ್ಲೂ ನಾವು ಎಣಿಸಿಲ್ಲ."

ಹಿಂದೆ ಮಗಳು "ಅಪ್ಪಾ" ಅಂದಳು. ಆ ದನಿ ನನಗೆ ಇನ್ನೂ ಕಿವಿಯಲ್ಲಿದೆ.

ಮೇಡಂ ಬೈಯಲಿಲ್ಲ. ಆಮೇಲೆ ಮಗಳನ್ನು ಕರೆದು, ಪ್ರವಾಸಿಗಳ ಕಾಗದಪತ್ರ ಏನೇನಿದೆಯೋ ಎಲ್ಲ ತಾ ಅಂದರು. ಬುಕಿಂಗ್ ಮಾಡುವಾಗ ಪ್ರತಿಯೊಬ್ಬರೂ ತುಂಬುವ ಆರೋಗ್ಯದ ನಮೂನೆಗಳ ಫೈಲು ಬಸ್ಸಿನಲ್ಲಿತ್ತು. ಡಾಕ್ಟ್ರು ಅದನ್ನು ಒಮ್ಮೆಯೂ ಕೇಳಿಲ್ಲ ಅಂದಳು ಮಗಳು. ಮೇಡಂ ಬಾನೆಟ್ ಮೇಲೆ ಅದನ್ನು ಹರಡಿದರು. ಪಕ್ಕದಲ್ಲಿ ಡಾಕ್ಟರ ಪುಸ್ತಕ ಇಟ್ಟರು. ನಡುವೆ ಬಿಲ್ಲೆ.

"ಈ ದಾರ ಯಾವಾಗ ಹಾಕಿದ್ದು?"

ಇವತ್ತು ಬೆಳಿಗ್ಗೆ, ಅಂದಳು ಮಗಳು. ಎಲ್ಲವೂ ಹೊಸವು. ತುದಿಗಳನ್ನು ಹೊಲಿದು ಸೇರಿಸಿರುತ್ತದೆ, ಗಂಟು ಹಾಕುವುದಿಲ್ಲ, ಕುತ್ತಿಗೆಗೆ ಒತ್ತುತ್ತದೆ ಅಂತ.

ಮೇಡಂ ದಾರ ಎತ್ತಿ ತೋರಿಸಿದರು. ಅದರಲ್ಲೊಂದು ಗಂಟಿತ್ತು.

* * *

ಎರಡೂ ಐವತ್ತಕ್ಕೆ ಎಲ್ಲರೂ ಬಸ್ಸಿನಲ್ಲಿ ಕುಳಿತಿದ್ದರು. ಮೇಡಂ ಮುಂದುಗಡೆ ನಿಂತಿದ್ದರು. ಬಾಗಿಲಲ್ಲಿ ಕಾನ್‌ಸ್ಟೇಬಲ್.

"ಡಾಕ್ಟ್ರೇ, ಟೀಚರಮ್ಮನ ಬಿ.ಪಿ. ಯಾವ ಕೈಯಲ್ಲಿ ನೋಡಿದ್ರಿ?"

"ಪುಸ್ತಕದಲ್ಲೇ ಇದೆಯಲ್ಲ ಮೇಡಂ. ಎಡಗೈ."

"ಖಂಡಿತಾನಾ?"

"ನಾನೇ ಪಟ್ಟಿ ಕಟ್ಟಿದ್ದು."

ಮೇಡಂ ಫೈಲಿನಿಂದ ಒಂದು ಹಾಳೆ ತೆಗೆದು ಗಟ್ಟಿಯಾಗಿ ಓದಿದರು. ಮುತ್ತು ಪೋಣಿಸಿದಂಥ ಅಕ್ಷರ. ಮೇಲೆ 'ವೈದ್ಯರ ಗಮನಕ್ಕೆ' ಅಂತ ಅಚ್ಚಾಗಿತ್ತು. ಕೆಳಗೆ ಟೀಚರಮ್ಮ ಬರೆದಿದ್ದರು: 'ಹನ್ನೆರಡು ವರ್ಷದ ಹಿಂದೆ ಎಡ ಎದೆ ಮತ್ತು ಕಂಕುಳಿನ ಶಸ್ತ್ರಚಿಕಿತ್ಸೆಯಾಗಿದೆ. ಎಡಗೈಗೆ ಬಿ.ಪಿ. ಪಟ್ಟಿ ಕಟ್ಟಕೂಡದು. ಸೂಜಿ ಚುಚ್ಚಕೂಡದು.' ಕೆಳಗೆ ಎರಡೆರಡು ಗೆರೆ ಎಳೆದಿದ್ದರು.

"ಇಷ್ಟು ಬರೆದವರು ನಿಮಗೆ ಎಡಗೈ ಕೊಟ್ರಾ?"

ಅವರೇ ಕೊಟ್ಟರು, ಮರೆತಿರಬೇಕು, ವಯಸ್ಸಾದವರು, ಅಂತ ಡಾಕ್ಟ್ರು ಏನೋ ಅಂದರು. ನಮ್ಮ ಬಸ್ಸಿನ ಹದಿಮೂರು ವಯಸ್ಸಾದವರಲ್ಲಿ ಒಬ್ಬರೂ ಅದನ್ನು ನಂಬಲಿಲ್ಲ. ಮೈಮೇಲಿನ ಆಪರೇಷನ್ನನ್ನು ಯಾರು ಮರೆಯುತ್ತಾರೆ? ಕ್ಯಾಮೆರಾ ತಾತನ ಹೆಂಡತಿ ಮೆಲ್ಲಗೆ ತಮ್ಮ ಸೀಟಿನಿಂದ ಎದ್ದು ಡಾಕ್ಟರಿಂದ ದೂರ ಹೋಗಿ ಕುಳಿತರು.

ಮೇಡಂ ಕ್ಯಾಮೆರಾವನ್ನು ತಾತನ ಕೈಗೆ ಕೊಟ್ಟು ವ್ಯೂಪಾಯಿಂಟ್‌ನ ಫೋಟೋಗಳನ್ನು ತೋರಿಸಲು ಹೇಳಿದರು. ಒಂದರಲ್ಲಿ ತಾತನ ಹೆಂಡತಿ ಕಂಬಿಗೆ ಒರಗಿ ನಗುತ್ತಿದ್ದರು. ಹಿಂದೆ, ಮೂಲೆಯಲ್ಲಿ, ಕೆಳಗಿನ ಕಟ್ಟೆಗೆ ಇಳಿಯುವ ಮೆಟ್ಟಿಲಲ್ಲಿ ಒಂದು ಹಳದಿ ಟೋಪಿ ಕಾಣುತ್ತಿತ್ತು. ಪಕ್ಕದಲ್ಲಿ ಟೋಪಿಯಿಲ್ಲದ ಒಬ್ಬ ಮನುಷ್ಯ. ಹೆಗಲಲ್ಲಿ ಕಪ್ಪು ಚೀಲ.

ಆ ಚೀಲ ಈಗ ಡಾಕ್ಟರ ತೊಡೆಯ ಮೇಲಿತ್ತು. ಅವರು ಅದನ್ನು ಗಟ್ಟಿಯಾಗಿ ತಬ್ಬಿಕೊಂಡಿದ್ದರು.

ಆ ಕೆಳಗಿನ ಕಟ್ಟೆಯ ಆಚೆ ಏನಿದೆ ಎಂದು ಮೇಡಂ ನನ್ನನ್ನು ಕೇಳಿದರು. ಏನಿಲ್ಲ, ಎರಡಾಳು ಕೆಳಗೆ ಒಂದು ಬಂಡೆಯ ಚಾಚು, ಅದರ ಕೆಳಗೆ ಸಮುದ್ರ, ಅಂದೆ. ಹೇಳುತ್ತಿದ್ದಂತೆ ಉಬ್ಬರ ನೆನಪಾಗಿ ಅದನ್ನೂ ಹೇಳಿದೆ. ಇವತ್ತು ನಾಲ್ಕು ಗಂಟೆಗೆ ಉಬ್ಬರ ತುಂಬುತ್ತದೆ. ದೊಡ್ಡ ಉಬ್ಬರವಾದರೆ ಅಲೆ ಆ ಚಾಚನ್ನು ತೊಳೆಯುತ್ತದೆ.

"ಎಷ್ಟು ಹೊತ್ತಾಗುತ್ತೆ ಯಜಮಾನ್ರೇ?"

"ಇಪ್ಪತ್ತೈದು ನಿಮಿಷ."

"ಹದಿನೈದರಲ್ಲಿ ಹೋಗಿ."

ಹಿರಿಯರನ್ನು ಇಳಿಸೋಣ ಅಂದಳು ಮಗಳು. ಒಬ್ಬರೂ ಇಳಿಯಲಿಲ್ಲ. ಗೇರ್ ಹಾಕಿದೆ.

* * *

ಮೂವತ್ತೊಂದು ವರ್ಷದಲ್ಲಿ ಆ ರಸ್ತೆಯಲ್ಲಿ ನಾನು ಎಂದೂ ಮೂರನೇ ಗೇರ್ ದಾಟಿದವನಲ್ಲ. ಅಂದು ತಿರುವಿನಲ್ಲೂ ಬ್ರೇಕ್ ಮುಟ್ಟಲಿಲ್ಲ. ಹಿಂದೆ ಯಾರೂ ಗೊಣಗಲಿಲ್ಲ.

ಮೇಡಂ ನನ್ನ ಸೀಟಿನ ಕಂಬಿ ಹಿಡಿದು ನಿಂತೇ ಇದ್ದರು. ವೈರ್‌ಲೆಸ್‌ನಲ್ಲಿ ಆಸ್ಪತ್ರೆಯಿಂದ ಸ್ಟ್ರೆಚರ್ ಕಳಿಸಲು ಹೇಳಿ, ಎಲ್ಲರಿಗೂ ಕೇಳುವಂತೆ ಬಿಡಿಸಿ ಹೇಳಿದರು.

ಮೊದಲು ಅನುಮಾನ ಹುಟ್ಟಿಸಿದ್ದು ಗಂಟು. ಹೊಸ ದಾರ ಹರಿದಿದೆ ಅಂದರೆ ಎಳೆದಾಟ ಆಗಿದೆ. ಸರಿ, ತೋಟದಲ್ಲಿ ಎಳೆದಾಡಿ ಕೊಳದ ಹತ್ತಿರ ಬಿದ್ದಿದ್ದರೆ ದಾರ ಹರಿದೇ ಇರಬೇಕಿತ್ತು. ಬಿಸಾಡುವ ದಾರಕ್ಕೆ ಯಾರಾದರೂ ಗಂಟು ಹಾಕುತ್ತಾರೆಯೇ? ಗಂಟು ಹಾಕಿದ್ದು ಮೊಳೆಗೆ ತೂಗುಹಾಕಬೇಕಾಗಿದ್ದರಿಂದ. ಬೆಳಿಗ್ಗೆಯಿಂದ ಆ ಬಿಲ್ಲೆ ಹಲಗೆಗೆ ಮರಳಿದ್ದು ಒಂದೇ ಸಲ, ವ್ಯೂಪಾಯಿಂಟ್‌ನಲ್ಲಿ. ಅಂದರೆ ದಾರ ಹರಿದದ್ದು ಅಲ್ಲಿ. ಆದರೆ ಗೈಡ್ ತೋಟದ ಗೇಟಿನಲ್ಲಿ ಹದಿನಾಲ್ಕು ತಲೆ ಎಣಿಸಿದೆ ಅನ್ನುತ್ತಿದ್ದಳು. ಅದು ನಿಜವಾಗಿದ್ದರೆ ಈ ಲೆಕ್ಕವೆಲ್ಲ ನೀರಿಗೆ ಬಿದ್ದಂತೆ. ಅದಕ್ಕೇ ಕೊಳ ಬಿಟ್ಟು ಕದಲಲು ಆಗಿರಲಿಲ್ಲ.

"ಅವರಪ್ಪ ಬಾಯಿ ಬಿಟ್ಟಾಗ ದಾರಿ ತೆರೀತು" ಅಂದರು ಮೇಡಂ.

ಎಣಿಕೆ ಸುಳ್ಳಾದ ಮೇಲೆ ಟೀಚರಮ್ಮ ತೋಟಕ್ಕೆ ಬಂದರು ಅನ್ನುವುದಕ್ಕೆ ಉಳಿದದ್ದು ಹಳದಿ ಟೋಪಿಗಳು ಮತ್ತು ಡಾಕ್ಟರ ಪುಸ್ತಕ. ಟೋಪಿ ನೋಡಿದವರು ಪಾಪ, ಮೋಸಹೋದವರು. ಪುಸ್ತಕ ಬರೆದವರು ಮೋಸಹೋಗಿರಲು ಸಾಧ್ಯವಿಲ್ಲ. ಬಾಗಿಲಲ್ಲಿ ನಿಂತು ಎಲ್ಲರ ಬಿಲ್ಲೆ ತೂಗುಹಾಕುವ ಕೈ ಇನ್ನೊಂದನ್ನು ಹಾಕಿದರೆ ಯಾರು ನೋಡುತ್ತಾರೆ? ತೋಟದಲ್ಲಿ ಅದೇ ಕೈ ಅದನ್ನು ತೆಗೆದು ಕೊಳಕ್ಕೆ ಎಸೆಯಿತು. ಎಲ್ಲರೂ ತೋಟ ಹುಡುಕಲಿ, ಸಮುದ್ರ ತನ್ನ ಕೆಲಸ ಮುಗಿಸಲಿ ಅಂತ.

"ಆದ್ರೆ ಯಾಕೆ?" ಎಂದು ಹಿಂದಿನಿಂದ ಒಬ್ಬ ಅಜ್ಜಿ ಕೇಳಿದರು.

ಮೇಡಂ ಡಾಕ್ಟರ ಕಡೆ ತಿರುಗಿದರು. ಎರಡು ವರ್ಷದಲ್ಲಿ ಆ ಫೈಲನ್ನು ಒಂದು ದಿನವೂ ಕೇಳದ ಡಾಕ್ಟರು ಎಂಥವರು ಅಂತ ತಮಗೆ ಆಶ್ಚರ್ಯವಾಯಿತು ಅಂದರು. ಪಟ್ಟಿ ಕಟ್ಟುವ ಮೊದಲು ಕೈಗೆ ಏನಾದರೂ ತೊಂದರೆ ಇದೆಯಾ ಅಂತ ಒಂದು ಮಾತು ಕೇಳದ ಡಾಕ್ಟರು. ಹದಿನಾಲ್ಕು ಜನಕ್ಕೆ ಹದಿನಾಲ್ಕು ಸಲ 'ಎಡ, ಎಡ' ಅಂತ ಬರೆದವರು.

"ನೀವು ಎಲ್ಲಿ ಓದಿದ್ದು ಡಾಕ್ಟ್ರೇ? ಟೀಚರಮ್ಮ ಬೆಳಿಗ್ಗೆ ಆಫೀಸಿಗೆ ಫೋನ್ ಮಾಡ್ಬೇಕು ಅಂದಿದ್ದು ಅದನ್ನ ಕೇಳೋಕಾ?"

ಅವನು ಚೀಲ ತಬ್ಬಿಕೊಂಡೇ ಕಿಟಕಿಯ ಕಡೆ ತಿರುಗಿದ. ಇಲ್ಲಿಂದ ಮುಂದೆ ಅವನಿಗೆ ನಾನು ಬಹುವಚನ ಬಳಸುವುದಿಲ್ಲ. ಇವನ ಕಾಲಿಗೆ ನಾನು ಬೀಳಲು ಹೋಗಿದ್ದೆ ಎಂದು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

* * *

ಕೆಳಗಿನ ಕಟ್ಟೆಯಿಂದ ಬಗ್ಗಿ ನೋಡಿದಾಗ ಮೊದಲು ಕಂಡದ್ದು ನೊರೆ. ಅಲೆಗಳು ಬಂಡೆಯ ಅರ್ಧಕ್ಕೆ ಏರಿದ್ದವು. ಆಮೇಲೆ ಹಳದಿ ಟೋಪಿ ಕಂಡಿತು. ಚಾಚಿನ ಮೂಲೆಯಲ್ಲಿ, ಗೋಡೆಗೆ ಬೆನ್ನು ಒತ್ತಿಕೊಂಡು, ಒಂದು ಕಾಲು ಓರೆಯಾಗಿ, ಟೀಚರಮ್ಮ.

ಮಗಳು ಕೂಗಿದಳು. ಟೋಪಿ ಸ್ವಲ್ಪ ಅಲುಗಿತು.

ಬಸ್ಸನ್ನು ಎಳೆಯುವ ಹಗ್ಗ ಡಿಕ್ಕಿಯಲ್ಲಿತ್ತು. ತಂದು ನನ್ನ ಸೊಂಟಕ್ಕೆ ಕಟ್ಟಿಕೊಳ್ಳಲು ಹೋದೆ. ಮಗಳು ಕಿತ್ತುಕೊಂಡಳು.

"ಅಪ್ಪ, ನಿನ್ನ ಭಾರ ಎಳೆಯೋರು ಯಾರು? ನೀನು ಹಗ್ಗ ಹಿಡ್ಕೋ."

ಬೇಡ ಕಣೇ ಅನ್ನುವಷ್ಟರಲ್ಲಿ ಅವಳು ಕಂಬಿ ದಾಟಿದ್ದಳು. ಕಾನ್‌ಸ್ಟೇಬಲ್ ಬಸ್ಸಿನಲ್ಲಿ ಆ ನೀಚನ ಕಾವಲಿಗೆ ಇದ್ದ. ಹಗ್ಗಕ್ಕೆ ಉಳಿದದ್ದು ನಾನು, ಮೇಡಂ. ಭಾರ ಬಿದ್ದಾಗ ನನ್ನ ಕಾಲು ಜಾರಿತು. ಆಗ ಹಿಂದಿನಿಂದ ಹಗ್ಗ ಇದ್ದಕ್ಕಿದ್ದಂತೆ ಬಿಗಿಯಾಯಿತು. ತಿರುಗಿ ನೋಡಿದೆ. ಕ್ಯಾಮೆರಾ ತಾತ, ಅವರ ಹೆಂಡತಿ, ಕೊಳದ ಬೆಂಚಿನ ಅಜ್ಜಿ, ಇನ್ನೂ ನಾಲ್ಕೈದು ಜನ. ಮಂಡಿನೋವಿನವರು, ಬೆನ್ನುನೋವಿನವರು, ಎಲ್ಲರೂ ಹಗ್ಗ ಹಿಡಿದಿದ್ದರು.

ಮಗಳು ಇಳಿದಳು. ಟೀಚರಮ್ಮನ ಮುಂದೆ ಕುಳಿತು ಸಮುದ್ರಕ್ಕೆ ಬೆನ್ನು ಕೊಟ್ಟಳು. ಒಂದು ಅಲೆ ಬಂದು ಇಬ್ಬರನ್ನೂ ಮುಚ್ಚಿತು. ನೀರು ಇಳಿದಾಗ ಇಬ್ಬರೂ ಅಲ್ಲೇ ಇದ್ದರು. ಎರಡನೇ ಅಲೆಗೆ ನಾನು ಕಣ್ಣು ಮುಚ್ಚಿದೆ. ದೇವರೇ, ನನ್ನ ಪದ್ಧತಿಗೆ ನನ್ನ ಮಗಳನ್ನು ತೆಗೆದುಕೊಳ್ಳಬೇಡ ಅಂದೆ. ಗಟ್ಟಿಯಾಗಿಯೇ ಅಂದೆನಂತೆ.

ಸ್ಟ್ರೆಚರ್ ಬಂದಾಗ ಮೂರೂ ಇಪ್ಪತ್ತೈದು. ಮೊದಲು ಟೀಚರಮ್ಮನನ್ನು ಮೇಲೆಳೆದರು. ಆಮೇಲೆ ಮಗಳನ್ನು. ಒದ್ದೆ ಮುದ್ದೆಯಾಗಿ, ಹಲ್ಲು ಕಟಕಟ ಅನ್ನಿಸುತ್ತ ಬಂದವಳನ್ನು ನಾನು ಹಿಡಿದುಕೊಂಡು ಬಿಡಲೇ ಇಲ್ಲ.

ಟೀಚರಮ್ಮನ ಸೊಂಟ ಮುರಿದಿತ್ತು. ಪ್ರಜ್ಞೆ ಮಾತ್ರ ಚೊಕ್ಕವಾಗಿತ್ತು. ಬಗ್ಗಿದ ಮೇಡಂಗೆ ಎಲ್ಲವನ್ನೂ ಪಾಠ ಒಪ್ಪಿಸಿದಂತೆ ಹೇಳಿದರು. ಅವನು ನಲವತ್ತೈದು ವರ್ಷದ ಹಿಂದೆ ಅವರ ಕೈಕೆಳಗೆ ಓದಿದವನು. ಎಂಟನೇ ತರಗತಿಗೇ ಬಿಟ್ಟು ಔಷಧಿ ಅಂಗಡಿಯಲ್ಲಿ ಪೊಟ್ಟಣ ಕಟ್ಟಲು ಸೇರಿದವನು. ದೋಣಿಕಟ್ಟೆಯಲ್ಲಿ ಅವನು ಬಿ.ಪಿ. ನೋಡಲು ಕೈ ಚಾಚಿದಾಗಲೇ ಗುರುತು ಸಿಕ್ಕಿತು. ಅವನಿಗೂ ಸಿಕ್ಕಿತು. ಮಾತಾಡೋಣ ಬನ್ನಿ ಟೀಚರ್ ಅಂತ ಕೆಳಗೆ ಕರೆದುಕೊಂಡು ಹೋದ. ಡಾಕ್ಟರಲ್ಲ ಅಂತ ನೀನೇ ಹೇಳಿಬಿಡು, ನಾಲ್ಕು ಗಂಟೆವರೆಗೆ ಸಮಯ ಕೊಡ್ತೀನಿ ಎಂದು ಇವರು ಹೇಳಿದರು. ಅವನು ಕೊರಳಿನ ದಾರ ಹಿಡಿದ. ದಾರ ಹರಿದು, ಇವರು ಕಂಬಿಯಾಚೆ ಬಿದ್ದರು.

"ತಳ್ಳಿದ್ನೋ, ನಾನೇ ಜಾರಿದ್ನೋ, ಆಣೆ ಇಟ್ಟು ಹೇಳಲಾರೆ" ಅಂದರು ಟೀಚರಮ್ಮ. "ಬಿದ್ದ ಮೇಲೆ, ಯಾರನ್ನಾದ್ರೂ ಕರಿಯೋ ಅಂದೆ. ಮೇಲಿಂದ ನೋಡ್ದ. ಬಿಲ್ಲೆ ಅವನ ಕೈಯಲ್ಲಿತ್ತು. ವಾಚ್ ನೋಡ್ಕೊಂಡು ಹೋದ."

ಬಸ್ಸಿನ ಕಿಟಕಿಯಲ್ಲಿ ಅವನ ಮುಖ ಕಾಣುತ್ತಿತ್ತು. ಅವನು ಇತ್ತ ನೋಡಲಿಲ್ಲ.

ನನ್ನ ಮಗಳ ಸುಳ್ಳು ಸಹಿಯನ್ನು ವರದಿಯಲ್ಲಿ ಬರೆಯಲೇಬೇಕು ಅಂದರು ಮೇಡಂ. ಬರೆಯಿರಿ, ಮೊದಲು ನನ್ನ ಹೆಸರು ಬರೆಯಿರಿ ಅಂದೆ. ಟೀಚರಮ್ಮ ಸ್ಟ್ರೆಚರ್ ಮೇಲಿಂದ ತಲೆ ತಿರುಗಿಸಿದರು. ನನ್ನ ಮಗಳ ಮಣಿಕಟ್ಟನ್ನು ಅವರು ಇನ್ನೂ ಬಿಟ್ಟಿರಲಿಲ್ಲ.

"ಈ ಹುಡುಗಿ ನಿಮ್ಮ ಮಗಳಾ?"

"ಹೌದಮ್ಮ."

"ಕೆಳಗೆ ಎಲ್ಲ ಹೇಳಿದ್ಲು. ಎಣಿಸಬೇಡ ಅಂತ ಕಲಿಸಿದ್ದು ನೀವೇನಾ?"

"ಹೌದಮ್ಮ. ನಾನೇ."

"ಈಗ ಉಸಿರಿಲ್ಲ. ಆಮೇಲೆ ಬೈತೀನಿ. ಬನ್ನಿ" ಅಂದರು.

ನಾನು ಅಲ್ಲೇ, ಹದಿಮೂರು ಹಿರಿಯರ ಮುಂದೆ, ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ.

ಎರಡು ವಾರ ಬಿಟ್ಟು ಅಪ್ಪ ಮಗಳು ಇಬ್ಬರೂ ಆಚೆ ದಡದ ಆಸ್ಪತ್ರೆಗೆ ಹೋದೆವು. ಟೀಚರಮ್ಮ ದಿಂಬಿಗೆ ಒರಗಿ ಕುಳಿತಿದ್ದರು. ಮಗಳನ್ನು ಹಾಸಿಗೆಯ ಮೇಲೆ ಕೂರಿಸಿಕೊಂಡರು, ನನ್ನನ್ನು ನಿಲ್ಲಿಸಿಯೇ ಇಟ್ಟರು. ಮುಕ್ಕಾಲು ಗಂಟೆ ಬೈದರು. ನರ್ಸ್ ಬಂದು ಸಾಕು ಅಂದಾಗ, ಇವರು ಇನ್ನೂ ಪೂರ್ತಿ ಕೇಳಿಸಿಕೊಂಡಿಲ್ಲ, ಮುಂದಿನ ವಾರ ಮತ್ತೆ ಬರಲಿ ಅಂದರು. ಬರುತ್ತೇನೆ ಅಂದೆ.